ಮೊದಲ ಐನೂರು

ಬೈತಖೋಲ ಬಂದರಿನಿಂದ ಮೇಲೆ ಬರುವ ದಾರಿಗೆ
ನಮ್ಮ ಸೊಸೈಟಿಯ ಕಿಟಕಿ.
ಉಪ್ಪುಗಾಳಿಗೆ ಸರಳು ಮೂರು ಸಲ ಬದಲಾಯಿತು,
ಒಳಗೆ ಕೂತ ನಾನು ಮಾತ್ರ ಅದೇ.
ನೋಟು ಎಣಿಸುವ ಮೊದಲೇ ಮೂಗಿಗೆ ಗೊತ್ತು:
ಇದು ಬಂಗುಡೆ, ಇದು ಶೆಟ್ಲಿ,
ಇದು ಮೀನಿಲ್ಲದ ದಿನ ಯಾರದೋ ಕೈಗಡ.

ಒಂದೇ ದಿನ ಪಾಸ್‌ಬುಕ್ ಮಾಡಿಸಿದರು
ಶೇವಂತಿ ತಾಂಡೇಲ, ಯಮುನಿ ದುರ್ಗೇಕರ.
ಮೀನುಪೇಟೆಯಲ್ಲಿ ಒಂದೇ ಕಟ್ಟೆ, ಒಂದೇ ಕೊಡೆ.
ತಿಂಗಳಿಗೆ ಐನೂರು, ಹತ್ತು ವರ್ಷ,
ನೂರಕ್ಕೆ ತಿಂಗಳಿಗೆ ಐವತ್ತು ಪೈಸೆ ಬಡ್ಡಿ,
ಬಡ್ಡಿಗೂ ಬಡ್ಡಿ.

ಶೇವಂತಿ ಕಟ್ಟುವುದು ಒಂದನೇ ತಾರೀಖು,
ಕಿಟಕಿ ತೆರೆಯುವ ಮೊದಲೇ ಅವಳ ಬುಟ್ಟಿ ಮೆಟ್ಟಿಲ ಮೇಲೆ.
ಯಮುನಿ ಕೊನೆಯ ದಿನ,
ನಾನು ಶಟರಿಗೆ ಕೈ ಹಾಕುವಾಗ
"ಅಗೋ, ನಿಲ್ಲಿ ನಾಯ್ಕರೇ, ನಿಲ್ಲಿ!"
ಫೆಬ್ರವರಿಗೆ ಬೈಯುತ್ತಿದ್ದಳು,
ಎರಡು ದಿನ ನುಂಗಿತೆಂದು.

ಬಲೆ ಹಾಕಬಾರದ ಜೂನ್ ಜುಲೈಯಲ್ಲೂ
ಒಣಮೀನು ನಾರುವ ನೋಟು ಬಂತು, ತಪ್ಪಲಿಲ್ಲ.
ನೂರಿಪ್ಪತ್ತು ಸಲ ಅವಳು.
ನೂರಿಪ್ಪತ್ತು ಸಲ ಇವಳು.

ಹತ್ತು ವರ್ಷ ತುಂಬಿದ ಸಂಜೆ ಇಬ್ಬರೂ ಒಟ್ಟಿಗೆ ಬಂದರು.
ಯಮುನಿ ಕೊನೆಯ ಕಂತು ಕೊಟ್ಟಳು,
ನಾನು ಅದನ್ನು ಡ್ರಾಯರಿಗೆ ಹಾಕಿ, ತೆಗೆದು,
ಅವಳ ಕಟ್ಟಿಗೇ ಸೇರಿಸಿ ಎಣಿಸಿದೆ.
ಶೇವಂತಿಗೆ ಎಂಬತ್ತೆರಡು ಸಾವಿರದ ಮುನ್ನೂರ ನಲವತ್ತೊಂಬತ್ತು.
ಯಮುನಿಗೆ ಎಂಬತ್ತೊಂದು ಸಾವಿರದ ಒಂಬೈನೂರ ನಲವತ್ತು.

"ಯಾಕೆ, ನನ್ನ ಐನೂರು ಗಿಡ್ಡ ಇತ್ತಾ?"

ಹಳೇ ಚಲನ್ ಮಗುಚಿ ಉದ್ದಕ್ಕೆ ಗೆರೆ ಎಳೆದೆ.
ನೋಡು, ನಿನ್ನ ಮೂವತ್ತಕ್ಕೂ ಅವಳ ಒಂದಕ್ಕೂ
ನಡುವೆ ಇರುವುದು ಒಂದು ರಾತ್ರಿ.
ನಿನ್ನ ಮೊದಲ ಕಂತು ಅವಳ ಎರಡನೆಯದರ ಪಕ್ಕ ಮಲಗಿತು,
ನಿನ್ನ ಎರಡನೆಯದು ಅವಳ ಮೂರನೆಯದರ ಪಕ್ಕ,
ಹೀಗೆ ನೂರಾ ಹತ್ತೊಂಬತ್ತು ಜೋಡಿ,
ಒಂದೇ ವಯಸ್ಸು, ಒಂದೇ ಎತ್ತರ.
ಜೋಡಿ ಇಲ್ಲದ್ದು ಎರಡೇ.
ಅವಳ ಮೊದಲಿನದು ಹತ್ತು ವರ್ಷ ಒಳಗೇ ಇದ್ದು
ಒಂಬೈನೂರ ಒಂಬತ್ತಾಯಿತು, ಮೇಲೆ ಚಿಲ್ಲರೆ.
ನಿನ್ನ ಕೊನೆಯದು ಈಗ ಬಂತು, ಈಗ ಹೊರಟಿತು,
ಕೂತು ನೀರೂ ಕುಡಿಯಲಿಲ್ಲ.
ನಾನೂರ ಒಂಬತ್ತು ಎಲ್ಲಿ ಹೋಯಿತು ಅಂದರೆ,
ಅಲ್ಲಿ.

ನನ್ನ ಲೆಕ್ಕ ನನಗೇ ಚಂದ ಕಂಡಿತು.
ಯಮುನಿ ನಗಲು ಶುರುಮಾಡಿದಳು,
ಕಟ್ಟೆ ಮೇಲೆ ಇಸ್ವಾಣದ ದರ ಚೌಕಾಸಿ ಮಾಡುವವರನ್ನು ಕಂಡಾಗ
ನಗುವ ಹಾಗೆ.
"ಆ ಮೊದಲಿನದು ಯಾರದ್ದು, ಇವಳನ್ನೇ ಕೇಳಿ."

ಶೇವಂತಿ ಬುಟ್ಟಿಯ ಸಿಂಬಿ ಸರಿಮಾಡಿಕೊಂಡಳು. ಬಿಚ್ಚಿದಳು.
ಮತ್ತೆ ಸುತ್ತಿದಳು.
"ಮಂಜುಗಡ್ಡೆಯವನಿಗೆ ಕೊಟ್ಟು ಕೈ ಖಾಲಿ ಇತ್ತು ಆವತ್ತು.
ಇವಳು ಸೆರಗಿನ ಗಂಟು ಬಿಚ್ಚಿದಳು,
ತಿಂಗಳ ಕೊನೆಗೆ ತಿರುಗಿಸಿದೆ.
ಅದನ್ನೇ ಇವಳು ನಿಮಗೆ ಕಟ್ಟಿದ್ದು."

ಅಂದರೆ ಒಂದೇ ಐನೂರು
ಒಂದೇ ಕಿಟಕಿಗೆ ಎರಡು ಸಲ ಬಂದಿತ್ತು,
ಒಮ್ಮೆ ಶೇವಂತಿಯಾಗಿ, ಒಮ್ಮೆ ಯಮುನಿಯಾಗಿ.
ನಾನು ಎರಡು ಸಲವೂ ಮೂಸಿ ನೋಡಿದ್ದೆ.
ಮೂವತ್ತು ದಿನ ಅದು ಯಾರ ಮನೆಯಲ್ಲಿತ್ತು
ಎಂದು ಬರೆಯಲು ನಮ್ಮ ಲೆಡ್ಜರಿನಲ್ಲಿ ಕಾಲಂ ಇಲ್ಲ.

ಶೇವಂತಿ ನಾಲ್ಕು ನೋಟು ಎಳೆದು ಚಾಚಿದಳು.
"ಕೈಗಡಕ್ಕೆ ಯಾರೇ ಬಡ್ಡಿ ತಗೊಳ್ತಾರೆ,
ನಾನೇನು ಸೊಸೈಟಿಯಾ?"
ಜಗಳಾಡುತ್ತಲೇ ಇಳಿದರು ಕೋಡಿಬಾಗದ ಬಸ್ಸಿಗೆ,
ನೋಟು ಇವಳ ಬುಟ್ಟಿಗೆ, ಅಲ್ಲಿಂದ ಅವಳ ಬುಟ್ಟಿಗೆ,
ತಿರುವಿನಾಚೆ ಏನಾಯಿತೋ.

ಶಟರ್ ಎಳೆಯುವ ಮುಂಚೆ ಚಲನ್ ಎತ್ತಿಕೊಂಡೆ.
ಗೆರೆಯ ಆ ತುದಿಯಲ್ಲಿ,
ನಾನು ಮೊದಲು ಪೆನ್ನು ಊರಿದ ಚುಕ್ಕೆಯ ಮೇಲೆ,
ತಾರ್ಲೆಯ ಒಂದು ಹುರುಪೆ.
ಕೆರೆದೆ. ಬಿಡಲಿಲ್ಲ.
ನಾಳೆ ಒಂದನೇ ತಾರೀಖು.